ಎಡಗಡೆ ಗೋಡೆ ಮುಟ್ಟಬೇಡಿ

ಅವರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಬಿಳಿ ಸಿಮೆಂಟು ಕೂತಿರುತ್ತಿತ್ತು. ಊಟಕ್ಕೆ ಬಂದಾಗ ಕೈಯನ್ನು ನೀರಿನ ಚೊಂಬಿನಲ್ಲಿ ಅದ್ದಿ, ಪೊರಕೆ ಕಡ್ಡಿಯಿಂದ ಉಗುರು ಕೆರೆದುಕೊಂಡು, ಆಮೇಲೆ ಮುದ್ದೆಗೆ ಕೈ ಹಾಕುತ್ತಿದ್ದರು. ನಾವು ಹುಡುಗಿಯರು ಅದನ್ನು ನೋಡಿ ತಟ್ಟೆಯೊಳಗೆ ಮುಖ ಬಗ್ಗಿಸಿಕೊಂಡು ನಗುತ್ತಿದ್ದೆವು. ಬೇರೆ ಹಾಸ್ಟೆಲುಗಳ ವಾರ್ಡನ್‌ಗಳು ವ್ಯಾನಿಟಿ ಬ್ಯಾಗು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ ನಮಗೆ ಗಾರೆ ಕೆಲಸದವರ ಕೈಯಿರುವ ವಾರ್ಡನ್ ಸಿಕ್ಕಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದಲ್ಲಿ ಅವರ ಪೂರ್ತಿ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ, ಅಷ್ಟು ಸಾಕು. ಎದುರಿಗೆ ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದೆವು. ಹಿಂದಿನಿಂದ ಗಾರೆ ಮೇಡಂ. ಅವರು ತೀರಿಕೊಂಡರೆಂದು ಹೋದ ತಿಂಗಳು ತಿಳಿಯಿತು.

ನಾನು ಗಂಡಸಿ ಕಡೆಯ ಹಳ್ಳಿಯವಳು. ಪಿಯುಸಿ ಓದಲು ಅರಸೀಕೆರೆಗೆ ಬಂದಾಗ ಸರ್ಕಾರಿ ಹುಡುಗಿಯರ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಡಿಗ್ರಿ ಮುಗಿಯುವವರೆಗೂ, ಒಟ್ಟು ಐದು ವರ್ಷ, ಅಲ್ಲೇ ಇದ್ದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಲಾಖೆಯವರು ಬಾಡಿಗೆಗೆ ಹಿಡಿದ ಹಳೆಯ ಕಟ್ಟಡ ಅದು. ಅದನ್ನು ಕಟ್ಟಿಸಿದ ಮಾಲೀಕ ಮೊದಲು ಲಾಡ್ಜ್ ಮಾಡುವ ಆಸೆ ಇಟ್ಟುಕೊಂಡಿದ್ದನಂತೆ. ಹಾಗಾಗಿ ಮೂರು ಬಚ್ಚಲುಮನೆಗಳಿಗೂ ಎದೆಮಟ್ಟದವರೆಗೆ ಬಿಳಿ ಟೈಲ್ಸ್ ಹಾಕಿಸಿ, ಮೇಲೆ ಷವರ್ ಇಡಿಸಿದ್ದ. ಲಾಡ್ಜ್ ಆಗಲಿಲ್ಲ. ಆ ಷವರಿನಿಂದ ಒಂದು ಹನಿ ನೀರು ಬಿದ್ದದ್ದನ್ನೂ ನಾನು ನೋಡಲಿಲ್ಲ. ಮೂರು ಬಚ್ಚಲು, ನಲವತ್ತಕ್ಕೂ ಹೆಚ್ಚು ಹುಡುಗಿಯರು, ಕೊಡ ಕೊಡ ಬೋರ್‌ವೆಲ್ ನೀರು. ಗಡಸು ನೀರಿಗೆ ಟೈಲ್ಸಿನ ಸಂದಿಯ ಗಾರೆ ಉಪ್ಪಿನಂತೆ ಉದುರುತ್ತಿತ್ತು. ಸಂದಿಯಿಂದ ನೀರು ಒಳಗೆ ಹೋಗಿ ಟೈಲ್ಸು ಹಿಂದಿನಿಂದ ಪೊಳ್ಳಾಗಿ, ಒಂದು ದಿನ ದಬ್ ಎಂದು ಕೆಳಗೆ ಬೀಳುತ್ತಿತ್ತು. ಕೊನೆಯ ಬಚ್ಚಲಿನ ಎಡಗಡೆ ಗೋಡೆಯ ಆಚೆಗೆ ನಮ್ಮ ಉಗ್ರಾಣ. ಆ ಗೋಡೆ ನೆನೆದರೆ ಆಚೆ ಕಡೆ ರಾಗಿ ಮೂಟೆಗೆ ಬೂಷ್ಟು ಹಿಡಿಯುತ್ತಿತ್ತು.

ರಿಪೇರಿ ಮಾಡಿಸಿ ಎಂದು ಆಫೀಸಿಗೆ ಹೇಳಿದರೆ, ಕಟ್ಟಡ ಖಾಸಗಿಯವರದು, ಮಾಲೀಕರೇ ಮಾಡಿಸಬೇಕು ಅನ್ನುತ್ತಿದ್ದರು. ಮಾಲೀಕನನ್ನು ಕೇಳಿದರೆ, ‘ಮೊದಲು ಬಾಡಿಗೆ ಜಾಸ್ತಿ ಮಾಡ್ಸಿ, ಆಮೇಲೆ ಟೈಲ್ಸು ಮಾತಾಡಿ’ ಅನ್ನುತ್ತಿದ್ದ. ಇವರಿಬ್ಬರ ನಡುವೆ ಮೇಡಂ ಒಂದು ವರ್ಷ ಓಡಾಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ ತಾವೇ ಬಚ್ಚಲಿಗೆ ಇಳಿದರು.

ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಪೇಟೆಯಲ್ಲಿ ಮನೆ ಕಟ್ಟುತ್ತಿದ್ದ ಕಡೆ ನಿಂತು ನೋಡಿ ಕಲಿತದ್ದು. ಬಿದ್ದ ಟೈಲ್ಸಿನ ಬೆನ್ನಿಗೆ ಅಂಟಿದ ಹಳೆಯ ಗಾರೆಯನ್ನು ಮುರಿದ ಸೌಟಿನ ಹಿಡಿಯಿಂದ ಕೆರೆದು, ಒಂದು ದಿನ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದರು. ಅಷ್ಟರಲ್ಲಿ ಗೋಡೆ ಒಣಗಲಿ ಎಂದು ಆ ಬಚ್ಚಲನ್ನು ಮುಚ್ಚುತ್ತಿದ್ದರು. ಪೇಂಟ್ ಅಂಗಡಿಯಿಂದ ಬಿಳಿ ಸಿಮೆಂಟು ತಂದು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಬಳಿದು, ಟೈಲ್ಸನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಎರಡು ಟೈಲ್ಸುಗಳ ನಡುವೆ ಸಂದಿ ಸಮವಾಗಿ ಬರಲಿ ಎಂದು ಬೆಂಕಿಕಡ್ಡಿ ಸಿಗಿಸುತ್ತಿದ್ದರು. ಟೈಲ್ಸು ಒಡೆದು ಚೂರಾಗಿದ್ದರೆ ಆ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತ ಟೇಪು ಅಂಟಿಸಿ, ಅಂಚಿಗೆ ಮೇಣದ ಬತ್ತಿ ಕರಗಿಸಿ ಬಿಡುತ್ತಿದ್ದರು.

‘ಇದು ಟೆಂಪ್ರವರಿ ಕಣ್ರೇ, ಕೈ ಊರ್ಬೇಡಿ’ ಎಂದು ಹತ್ತು ಸಲ ಹೇಳುತ್ತಿದ್ದರು. ಟೆಂಪ್ರವರಿ ಎಂಬ ಮಾತು ಅವರ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ, ಸಾರು ತೆಳ್ಳಗಿದ್ದರೂ ನಾವು ‘ಟೆಂಪ್ರವರಿ ಸಾರು’ ಅನ್ನುತ್ತಿದ್ದೆವು.

ಬಿರುಕುಗಳಿಗೆ ಅವರು ಕಂಡುಕೊಂಡ ಮದ್ದು ನೇಲ್ ಪಾಲಿಷ್. ಹಾಸ್ಟೆಲಿನಲ್ಲಿ ಬಣ್ಣ ಹಚ್ಚಿಕೊಳ್ಳಕೂಡದು ಎಂದು ನಮ್ಮ ಟ್ರಂಕುಗಳನ್ನು ತೆಗೆಸಿ ಸೀಸೆಗಳನ್ನು ಕಿತ್ತುಕೊಳ್ಳುತ್ತಿದ್ದರು. ಅದೇ ಬಣ್ಣವನ್ನು ಕೂದಲೆಳೆಯಂಥ ಬಿರುಕುಗಳಿಗೆ ತುಂಬುತ್ತಿದ್ದರು. ಬಿಳಿ ಗೋಡೆಯ ಮೇಲೆ ಗುಲಾಬಿ, ಕೆಂಪು, ನೇರಳೆ ಗೆರೆಗಳು. ಸ್ನಾನಕ್ಕೆ ಹೋದವಳು ‘ಇದು ನಂದು ಕಣೇ’ ಎಂದು ಒಳಗಿನಿಂದ ಕೂಗುತ್ತಿದ್ದಳು. ಒಬ್ಬಳು ಧೈರ್ಯ ಮಾಡಿ ಸೀಸೆ ವಾಪಸ್ ಕೇಳಿದಾಗ ಮೇಡಂ ತಲೆ ಎತ್ತದೆ, ‘ನಿನ್ನ ಉಗುರಲ್ಲಿ ಮೂರು ದಿನ ಇರುತ್ತೆ, ಗೋಡೇಲಿ ಮೂರು ತಿಂಗ್ಳು ಇರುತ್ತೆ. ಯಾವ್ದು ಲಾಭ?’ ಅಂದಿದ್ದರು.

ಅವರ ಊರು ಹಳೇಬೀಡು. ಅಲ್ಲಿ ತಮ್ಮನ ಮನೆ. ರಜಾ ದಿನ ಹೋದರೆ ಬರುವಾಗ ಭಾರದ ಬ್ಯಾಗು. ಯಾವುದೋ ವಸತಿಗೃಹದಲ್ಲಿ ಕಿತ್ತು ಹಾಕಿದ್ದ ಹಳೆಯ ಟೈಲ್ಸನ್ನು ಆರಿಸಿ ತರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಬ್ಯಾಗನ್ನು ಕಾಲಿನಿಂದ ತಳ್ಳಲು ನೋಡಿದರೆ ಅದು ಅಲುಗಲಿಲ್ಲ.

‘ಏನಮ್ಮಾ ಇದು, ಹಳೇಬೀಡಿಂದ ಕಲ್ಲು ಹೊತ್ಕೊಂಡು ಹೊಂಟಿದ್ದೀರಿ?’

‘ಹೆದರ್ಕೋಬೇಡಿ. ಶಿಲಾಬಾಲಿಕೆ ಅಲ್ಲ, ಬಚ್ಚಲ ಬಿಲ್ಲೆ’ ಅಂದರು ಮೇಡಂ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿ ಕೂತೆ.

ಇಷ್ಟು ಹೇಳಿದರೆ ಅವರು ತಾಯಿಯಂಥವರು ಎಂದು ಯಾರಾದರೂ ತಿಳಿದಾರು. ಹಾಗೇನೂ ಇರಲಿಲ್ಲ. ಮಾತು ಒರಟು. ಊಟಕ್ಕೆ ತಡವಾಗಿ ಬಂದವಳಿಗೆ ಅನ್ನವಿಲ್ಲ. ನಮಗೆ ಬಂದ ಕಾಗದಗಳನ್ನು ಒಡೆದು ಓದಿ ಕೊಡುತ್ತಿದ್ದರು. ನಾನು ಒಂದು ಮಧ್ಯಾಹ್ನ ಕಾಲೇಜಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋಗಿದ್ದು ಅವರಿಗೆ ಗೊತ್ತಾಯಿತು. ನನಗೆ ಏನೂ ಹೇಳಲಿಲ್ಲ. ನಮ್ಮಪ್ಪನಿಗೆ ಕಾರ್ಡು ಬರೆದರು. ಅಪ್ಪ ಊರಿಂದ ಬಂದು ಹಾಸ್ಟೆಲಿನ ಅಂಗಳದಲ್ಲಿ, ಎಲ್ಲ ಹುಡುಗಿಯರೂ ನೋಡುವಂತೆ ನನ್ನ ಕೆನ್ನೆಗೆ ಹೊಡೆದ. ಮೇಡಂ ಬಾಗಿಲಲ್ಲಿ ನಿಂತು ನೋಡಿದರು, ಬಿಡಿಸಲು ಬರಲಿಲ್ಲ. ಅದನ್ನು ನಾನು ಮರೆಯಲಿಲ್ಲ. ಮರೆಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆದರೂ ಅವರ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು ನಾನೇ. ನನ್ನ ಅಕ್ಷರ ದುಂಡಗಿತ್ತು. ಅವರದು ಓದಲು ಬರುತ್ತಿರಲಿಲ್ಲ. ‘ನನ್ನ ಬರವಣಿಗೆ ನೋಡಿದ್ರೆ ಆಫೀಸಿನೋರು ಔಷಧಿ ಚೀಟಿ ಅಂದ್ಕೊಂಡು ಮೆಡಿಕಲ್ ಸ್ಟೋರಿಗೆ ಕಳಿಸ್ತಾರೆ, ನೀನೇ ಬರಿ’ ಎಂದು ಕೂರಿಸಿಕೊಳ್ಳುತ್ತಿದ್ದರು. ವಿದ್ಯಾರ್ಥಿನಿಯರ ಸ್ನಾನಗೃಹದ ಗೋಡೆ ಶಿಥಿಲವಾಗಿದ್ದು ಅಪಾಯದ ಸ್ಥಿತಿಯಲ್ಲಿರುವುದರಿಂದ ಕೂಡಲೇ ದುರಸ್ತಿ ಮಾಡಿಸಿಕೊಡಬೇಕೆಂದು ಕೋರಿ. ಅಡಿಗೆ ಕಾರ್ಬನ್ ಕಾಗದ ಇಟ್ಟು, ಎರಡು ವರ್ಷದಲ್ಲಿ ಅಂಥ ಆರು ಅರ್ಜಿ ಬರೆದೆ. ಮೇಲಿನ ಪ್ರತಿಯನ್ನು ಅವರು ಆಫೀಸಿಗೆ ಕೊಟ್ಟು ಬರುತ್ತಿದ್ದರು. ಕೆಳಗಿನ ಪ್ರತಿ ಅವರ ಟ್ರಂಕಿಗೆ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಬರಬೇಕೆಂಬುದು ಅವರಿಗೆ ತೋಚಲಿಲ್ಲ. ನನಗೆ ಆಗ ಅದು ಗೊತ್ತೇ ಇರಲಿಲ್ಲ.

ನಾನು ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಆ ಎಡಗಡೆ ಗೋಡೆ ಕೈ ಕೊಟ್ಟಿತು. ಮಾಲೇಕಲ್ಲಿನ ಆಚೆ ದೂರದ ಹಳ್ಳಿಯಿಂದ ಬಂದಿದ್ದ ಒಬ್ಬಳು ಮೊದಲ ವರ್ಷದ ಪಿಯುಸಿ ಹುಡುಗಿ, ಸಣ್ಣಗಿನವಳು, ಬೆಳಿಗ್ಗೆ ಸ್ನಾನ ಮಾಡುವಾಗ ಸೋಪಿನ ಮೇಲೆ ಕಾಲಿಟ್ಟು ಜಾರಿದಳು. ಬೀಳದಿರಲೆಂದು ಗೋಡೆಗೆ ಕೈ ಊರಿದಳು. ಅಲ್ಲಿ ಅರ್ಧ ಒಡೆದ ಟೈಲ್ಸಿನ ಮೇಲೆ ಮೇಡಂ ಪ್ಲಾಸ್ಟಿಕ್ ಹೊದಿಸಿದ್ದರು. ಬಿಸಿನೀರಿನ ಹಬೆಗೆ ಟೇಪು ಸಡಿಲವಾಗಿತ್ತು. ಪ್ಲಾಸ್ಟಿಕ್ ಜಾರಿ, ಟೈಲ್ಸಿನ ಮೊನೆ ಅವಳ ಬಲ ಅಂಗೈಯನ್ನು ಅಡ್ಡಕ್ಕೆ ಸೀಳಿತು.

ಮೇಡಂ ಓಡಿ ಬಂದು ಅವಳಿಗೆ ಟವೆಲ್ಲು ಸುತ್ತಿ, ಕೈಗೆ ತಮ್ಮ ಸೆರಗನ್ನೇ ಹರಿದು ಬಿಗಿದು, ಎತ್ತಿಕೊಂಡು ಬೀದಿಗೆ ನಡೆದರು. ಆಟೋ ಸಿಕ್ಕುವವರೆಗೂ ಎತ್ತಿಕೊಂಡೇ ಇದ್ದರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಆದರೆ ಒಳಗಿನ ನರ ಕತ್ತರಿಸಿಹೋಗಿತ್ತು. ಅವಳಿಗೆ ಕೊನೆಯ ಎರಡು ಬೆರಳುಗಳನ್ನು ಆಮೇಲೆ ಮಡಿಸಲು ಬರಲಿಲ್ಲ.

ಆ ಸಂಜೆ ಆಸ್ಪತ್ರೆಯಿಂದ ಬಂದ ಮೇಡಂ ಬಚ್ಚಲಿನ ಹೊಸ್ತಿಲ ಮೇಲೆ ಕೂತರು. ನಾನು ನೀರು ಕೊಟ್ಟೆ.

‘ಇದಕ್ಕೆ ಬೀಗ ಹಾಕ್ಬೇಕಿತ್ತು. ಎರಡು ಬಚ್ಚಲಲ್ಲಿ ಇಷ್ಟು ಜನ ಹೆಂಗೆ ಮಾಡ್ತಾರೆ, ಕಾಲೇಜಿಗೆ ಹೊತ್ತಾಗುತ್ತೆ ಅಂತ ಬಿಟ್ಟೆ. ನಂದೇ ತಪ್ಪು’ ಅಂದರು.

ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹುಡುಗಿಯ ಅಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದು ಗಲಾಟೆ ಮಾಡಿದ. ವಿಷಯ ಪೇಪರಿಗೆ ಬಂತು. ವಾರದೊಳಗೆ ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಮೇಡಮ್ಮನ್ನು ಹೊರಗೆ ಕೂರಿಸಿ, ನಮ್ಮನ್ನೆಲ್ಲ ಊಟದ ಹಾಲಿಗೆ ಕರೆದರು. ಒಳ್ಳೆಯ ಮಾತಿನವರು. ‘ನಿಮಗೆ ಹೊಸ ಬಚ್ಚಲು ಬೇಕೋ ಬೇಡ್ವೋ?’ ಎಂದು ಕೇಳಿದರು. ಬೇಕು ಅಂದೆವು. ‘ಹಂಗಾದ್ರೆ ನೀವೆಲ್ಲ ಸೇರಿ ಒಂದು ಹೇಳಿಕೆ ಕೊಡಬೇಕು. ಯಾರಮ್ಮಾ ಚೆನ್ನಾಗಿ ಬರೆಯೋರು?’

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮುಂದೆ ಹೋಗಿ ಕೂತೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಸದರಿ ವಾರ್ಡನ್‌ರವರು, ಎಂದು ಶುರುವಾಗಿ ಅವರ ಹೆಸರು. ಸ್ನಾನಗೃಹದ ದುಸ್ಥಿತಿಯನ್ನು ಮೇಲಧಿಕಾರಿಗಳ ಗಮನಕ್ಕೆ ತರದೆ, ಯಾವುದೇ ಅನುಮತಿ ಪಡೆಯದೆ, ತಾವೇ ಅವೈಜ್ಞಾನಿಕ ರೀತಿಯಲ್ಲಿ ದುರಸ್ತಿ ಮಾಡಿ...

ಗಮನಕ್ಕೆ ತರದೆ ಎಂಬಲ್ಲಿ ಕೈ ನಿಂತಿತು.

‘ಸಾರ್, ಮೇಡಂ ಅರ್ಜಿ ಕೊಟ್ಟಿದ್ರು’ ಅಂದೆ.

‘ನೀನು ನೋಡಿದ್ಯಾ?’

‘ನಾನೇ ಬರೆದಿದ್ದು ಸಾರ್.’

ಅವರು ಸಿಟ್ಟು ಮಾಡಲಿಲ್ಲ. ‘ಬರೆದಿರಬಹುದಮ್ಮ. ಆಫೀಸಿಗೆ ಬಂದಿಲ್ಲ. ರಿಜಿಸ್ಟರಲ್ಲಿ ಇಲ್ಲ ಅಂದ್ರೆ ಬಂದಿಲ್ಲ ಅಂತಲೇ ಅರ್ಥ. ನೀನು ಫೈನಲ್ ಇಯರ್ ಅಲ್ವಾ? ಮುಂದೆ ಕೆಲಸಕ್ಕೆ ಅರ್ಜಿ ಹಾಕ್ಬೇಕು, ಕ್ಯಾರೆಕ್ಟರ್ ಸರ್ಟಿಫಿಕೇಟು ಎಲ್ಲ ಬೇಕಾಗುತ್ತೆ. ಬರಿ, ಹೊತ್ತಾಯ್ತು.’

ನಾನು ಬರೆದೆ. ಹೆದರಿ ಬರೆದೆ ಎಂದರೆ ಅರ್ಧ ನಿಜ. ಅಂಗಳದಲ್ಲಿ ಬಿದ್ದ ಏಟು ಇನ್ನೂ ಕೆನ್ನೆಯ ಮೇಲಿತ್ತು. ಆ ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿದವರು ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಎಂದು ನೆನೆದಾಗ ಎಲ್ಲೋ ಒಂದು ಸಣ್ಣ ಹಿತವೂ ಆಯಿತು. ಉಳಿದ ಅರ್ಧ ನಿಜ ಇದು.

ಎಲ್ಲರೂ ಸಾಲಾಗಿ ಸಹಿ ಹಾಕಿದರು. ಗಾಯವಾದ ಹುಡುಗಿಯ ಬಲಗೈ ಬ್ಯಾಂಡೇಜಿನಲ್ಲಿತ್ತು. ಅವಳ ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಹತ್ತನೇ ಕ್ಲಾಸು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ ಹುಡುಗಿ. ಒತ್ತುವಾಗ ಅವಳು ನನಗೆ ಹೇಳಿದಳು: ‘ಅಕ್ಕಾ, ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು ಮೇಡಮ್ಮೇ ಅಂತಾನೂ ಬರೀರಿ.’

‘ಅದು ಇದಕ್ಕೆ ಸಂಬಂಧಪಟ್ಟಿದ್ದಲ್ಲ’ ಅಂದರು ಅಧಿಕಾರಿ.

ಅಮಾನತ್ತಿನ ಆದೇಶ ಮಾರನೆಯ ವಾರ ಬಂತು. ಮೇಡಂ ಹಾಸಿಗೆ ಸುತ್ತಿ, ಟ್ರಂಕು ಎತ್ತಿಕೊಂಡು ಹೊರಟರು. ನಾವು ಯಾರೂ ಬೀದಿಯವರೆಗೆ ಹೋಗಲಿಲ್ಲ. ಅವರು ಹೋದ ಮೇಲೆ ನೋಡಿದರೆ, ಕೊನೆಯ ಬಚ್ಚಲಿನ ಬಾಗಿಲಿಗೆ ರಟ್ಟಿನ ತುಂಡೊಂದನ್ನು ಅಂಟಿಸಿದ್ದರು. ಓದಲಾಗದ ಅವರ ಅಕ್ಷರದಲ್ಲಿ, ಈ ಸಲ ಒಂದೊಂದನ್ನೂ ಬಿಡಿಸಿ ಬರೆದು: ಎಡಗಡೆ ಗೋಡೆ ಮುಟ್ಟಬೇಡಿ.

ಹೊಸ ಬಚ್ಚಲು ನಾನಿರುವವರೆಗೆ ಬರಲಿಲ್ಲ. ಪ್ರಭಾರದ ಮೇಲೆ ಬಂದ ಹೊಸ ವಾರ್ಡನ್ ಬುದ್ಧಿವಂತರು. ಒಂದು ಟೈಲ್ಸನ್ನೂ ಮುಟ್ಟಲಿಲ್ಲ. ಬಿದ್ದದ್ದು ಬಿದ್ದ ಹಾಗೇ ಇತ್ತು. ಮೂರರಲ್ಲಿ ಎರಡು ಬಚ್ಚಲಿಗೆ ಬೀಗ ಬಿತ್ತು. ನಾವು ಬೆಳಗಿನ ಜಾವ ಎದ್ದು ಹಿತ್ತಲಿನ ತೊಟ್ಟಿಯ ಪಕ್ಕ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡಿದೆವು. ಆ ವಾರ್ಡನ್ನಿನ ಮೇಲೆ ಯಾವ ದೂರೂ ಬರಲಿಲ್ಲ, ಯಾವ ವಿಚಾರಣೆಯೂ ನಡೆಯಲಿಲ್ಲ. ಗೋಡೆಯನ್ನು ಮುಟ್ಟದವರ ಕೈ ಶುದ್ಧವಾಗಿರುತ್ತದೆ ಎಂಬುದನ್ನು ನಾನು ಸರ್ಕಾರಿ ಕೆಲಸಕ್ಕೆ ಸೇರುವ ಮೊದಲೇ ಅಲ್ಲಿ ಕಲಿತೆ.

ಮದುವೆಯಾಗಿ ಬೇಲೂರಿಗೆ ಬಂದೆ. ಪರೀಕ್ಷೆ ಬರೆದು ಅಲ್ಲೇ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆಯಾದೆ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ, ಮತದಾರರ ಪಟ್ಟಿ ಪರಿಶೀಲನೆಗೆಂದು ಹಳೇಬೀಡಿಗೆ ಹಾಕಿದರು. ಮನೆಮನೆ ಸುತ್ತುತ್ತಾ ಒಂದು ಬಾಗಿಲು ತಟ್ಟಿದೆ. ಜಗಲಿಯ ಮೇಲೆ ಮೇಡಂ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಉಗುರುಗಳು ಸ್ವಚ್ಛವಾಗಿದ್ದವು.

‘ಬಾ’ ಅಂದರು, ನಾನು ನಿನ್ನೆ ತಾನೇ ಬಂದು ಹೋಗಿದ್ದೆನೋ ಎಂಬಂತೆ. ಒಳಗೆ ಹೋಗಿ ಕಾಫಿ ತಂದರು. ತಮ್ಮನ ಸಂಸಾರ ಹೊಲಕ್ಕೆ ಹೋಗಿತ್ತು. ನಾನು ಲೋಟ ಹಿಡಿದುಕೊಂಡು, ‘ಮೇಡಂ, ನಮ್ಮಿಂದ ನಿಮಗೆ ಅನ್ಯಾಯ ಆಯ್ತು’ ಅಂದೆ.

‘ನಮ್ಮಿಂದ ಅನ್ಬೇಡ. ಬಾಕಿಯೋರು ಸಹಿ ಹಾಕಿದ್ರು ಅಷ್ಟೆ. ಆರೋಪ ಪಟ್ಟಿ ಜೊತೇಲಿ ಅದರ ನಕಲು ಕೊಟ್ಟಿದ್ರು. ಮೊದಲನೇ ಸಾಲಲ್ಲೇ ನಿನ್ನ ಅಕ್ಷರ ಗೊತ್ತಾಯ್ತು.’

ಅವರು ಕಾಯಿ ಬಿಡಿಸುತ್ತಲೇ ಉಳಿದದ್ದನ್ನು ಹೇಳಿದರು. ಅರ್ಜಿಗಳ ಕಾರ್ಬನ್ ಪ್ರತಿಗಳನ್ನು ವಿಚಾರಣೆಯಲ್ಲಿ ತೋರಿಸಿದರಂತೆ. ಇವು ಆಮೇಲೆ ಹುಟ್ಟಿಸಿದ ಕಾಗದ ಅಂದರಂತೆ. ಬರೆದ ಹುಡುಗಿಯನ್ನು ಕರೆಸಿ ಎಂದು ಇವರು ಕೇಳಿದ್ದರು. ನಮ್ಮೂರ ವಿಳಾಸಕ್ಕೆ ಹೋದ ನೋಟಿಸನ್ನು ಅಪ್ಪ, ಮಗಳು ಇಲ್ಲಿಲ್ಲ ಎಂದು ವಾಪಸ್ ಕಳಿಸಿದ್ದ. ಕೊನೆಗೆ ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದ್ದರು.

‘ಅಪೀಲು ಇನ್ನೂ ಬಾಕಿ ಐತೆ’ ಅಂದರು. ಮಾತಿನಲ್ಲಿ ಊರಿನ ಸೊಗಡು ಮತ್ತೆ ಬಂದಿತ್ತು. ‘ಆ ಆರು ಅರ್ಜಿ ನಾನೇ ಬರೆದಿದ್ದು, ಹಾಸ್ಟೆಲಲ್ಲಿದ್ದಾಗಲೇ ಬರೆದಿದ್ದು ಅಂತ ಒಂದು ಕಾಗದ ಬರ್ಕೊಡ್ತೀಯಾ? ಬೇರೆ ಏನೂ ಬೇಡ. ನಾನು ಒಳ್ಳೇಳು ಅಂತ ಬರೀಬೇಡ.’

ನಾನು ಕೂಡಲೇ ಹೂಂ ಅನ್ನಬೇಕಿತ್ತು. ‘ಮೇಡಂ, ನಾನಿನ್ನೂ ಪ್ರೊಬೇಷನ್ನಲ್ಲಿದೀನಿ’ ಅಂದೆ.

ಅವರ ಕೈ ಒಂದು ಗಳಿಗೆ ನಿಂತಿತು. ‘ಸರಿ, ಮುಗೀಲಿ. ಆಮೇಲೆ ಬರ್ಕೊಡು’ ಅಂದು ಮತ್ತೆ ಕಾಯಿಗೆ ಕೈ ಹಾಕಿದರು. ಹೊರಡುವಾಗ, ‘ನಿನ್ನ ಪಟ್ಟೀಲಿ ಈ ಮನೇಲಿ ಎಷ್ಟು ಓಟು ಅಂತ ಬರ್ಕೊಳ್ಳೋದು ಮರೆತೆ ನೋಡು’ ಎಂದು ನೆನಪಿಸಿ ಹೇಳಿ ಕಳಿಸಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ‘ಸರ್ಕಾರದ ಮುಂದೆ ಕೊಟ್ಟ ಹೇಳಿಕೆ ಸುಳ್ಳು ಅಂತ ಸರ್ಕಾರಿ ನೌಕರಳೇ ಬರ್ಕೊಡೋದಾ? ಈಗ್ಯಾಕೆ ಮೈಮೇಲೆ ಎಳ್ಕೋತೀಯ’ ಅಂದರು. ಅವರು ಹಾಗನ್ನಲಿ ಎಂದೇ ನಾನು ಕೇಳಿದ್ದೆನೋ ಏನೋ. ಆಮೇಲೆ ಹಳೇಬೀಡಿನ ಡ್ಯೂಟಿ ಬಂದಾಗಲೆಲ್ಲ ಬೇರೆಯವರ ಜೊತೆ ಬದಲಾಯಿಸಿಕೊಂಡೆ.

ಹೋದ ತಿಂಗಳು ಹಳ್ಳಿಯವರೊಬ್ಬರು ವಂಶವೃಕ್ಷದ ಅರ್ಜಿ ಹಿಡಿದು ನನ್ನ ಟೇಬಲ್ಲಿಗೆ ಬಂದರು. ಅಕ್ಕ ತೀರಿಕೊಂಡಿದ್ದಾಳೆ, ಅವಳ ಕಡೆಯವರು ನಾವೇ ಅಂದರು. ಅರ್ಜಿಯಲ್ಲಿ ಅಕ್ಕನ ಹೆಸರು ಓದಿದೆ, ನಮ್ಮ ಮೇಡಂದೇ. ಅವರು ಅಂಗಿ ಜೇಬಿನಿಂದ ಇನ್ನೊಂದು ಕಾಗದ ತೆಗೆದು ಬಿಡಿಸಿದರು.

‘ಇದೊಂದು ಬಂದೈತೆ ಮೇಡಂ. ಏನು ಅಂತ ಸ್ವಲ್ಪ ಓದಿ ಹೇಳ್ತೀರಾ?’

ಮೇಲ್ಮನವಿದಾರರು ಮೃತರಾಗಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಿದೆ. ಎರಡೇ ಸಾಲು. ಓದಿ ಹೇಳಿದೆ.

‘ಅಂದ್ರೆ, ಅಕ್ಕ ತಪ್ಪು ಮಾಡಿದ್ಲು ಅಂತಲೋ, ಮಾಡಿಲ್ಲ ಅಂತಲೋ?’

‘ಎರಡೂ ಅಲ್ಲ. ಮುಗೀತು ಅಂತ ಅಷ್ಟೆ.’

ಅವರು ಆ ಕಾಗದವನ್ನೇ ನೋಡುತ್ತಾ ನಿಂತರು. ‘ಬೇಲೂರಲ್ಲಿ ಒಬ್ಬಳವಳೆ, ಅವಳ ಪ್ರೊಬೇಷನ್ನು ಮುಗಿದ ಮೇಲೆ ಬರ್ಕೊಡ್ತಾಳೆ ಅಂತಿದ್ಲು ನಮ್ಮಕ್ಕ. ಹೆಸರು ಕೇಳಿದ್ರೆ ಹೇಳ್ತಿರಲಿಲ್ಲ, ಕೆಲಸಕ್ಕೆ ತೊಂದರೆ ಆದಾತು ಅಂತ. ಯಾರೋ ಏನೋ.’

ನನ್ನ ಪ್ರೊಬೇಷನ್ ಮುಗಿದು ಆಗ ಏಳು ತಿಂಗಳಾಗಿತ್ತು. ನಾನು ಕಾಗದವನ್ನು ಅದರ ಮಡಿಕೆಯಲ್ಲೇ ಮಡಿಸಿ ಅವರ ಕೈಗೆ ಕೊಟ್ಟೆ. ಅರ್ಜಿಗೆ ಸೀಲು ಒತ್ತಿ, ಹದಿನೈದು ದಿನ ಬಿಟ್ಟು ಬರಲು ಹೇಳಿದೆ. ಆಮೇಲೆ ಸಾಲಿನಲ್ಲಿ ಮುಂದಿದ್ದವರನ್ನು ಕರೆದೆ.